ಮಂಗಳವಾರ ನಾಲ್ಕಕ್ಕೆ

ಜಯನಗರದಲ್ಲಿ, ಕನ್ನಡಕದಂಗಡಿಯ ಮೇಲಿನ ಮಹಡಿ.
ಹದಿನೆಂಟು ಮೆಟ್ಟಿಲು. ಎಣಿಸುವುದು ನನ್ನ ಚಾಳಿ;
ಎಣಿಸದೆ ಹತ್ತಿ ಬನ್ನಿ ನೋಡೋಣ ಅಂತ
ಮೂರನೆಯ ವಾರವೇ ಹೇಳಿದ್ದರು ಫಿಲೋಮಿನಾ ಮೇಡಂ.
ಇನ್ನೂ ಆಗಿಲ್ಲ.

ಎರಡು ಬೆತ್ತದ ಕುರ್ಚಿ, ಒಂದು ಹೂಜಿ ನೀರು,
ಹಸಿರು ಲೈನಿನ ಮೆಟ್ರೋ ಹೋದಾಗೆಲ್ಲ
ಸಣ್ಣಗೆ ನಡುಗುವ ಕಿಟಕಿಯ ಗಾಜು.
ತಕ್ಕಡಿ ಇಲ್ಲ. ಮೊದಲ ದಿನ ಮೂಲೆಮೂಲೆ ಹುಡುಕಿದೆ.
"ತೂಕದ ಲೆಕ್ಕ ಡಾಕ್ಟರದ್ದು, ಅಲ್ಲೇ ಇರಲಿ.
ಇಲ್ಲಿ ಮಾತು" ಎಂದರು.
ನಾನು ಒಂದು ಗಂಟೆ ಸುಮ್ಮನಿದ್ದು
ಅವರೇ ಇಳಿಸಿಕೊಟ್ಟ ಫೀಸು ಕೊಟ್ಟು
ಇಳಿದು ಬಂದೆ.

ನಮ್ಮದು ಶ್ರೀರಾಮಪುರ. ಬ್ಲೌಸ್ ಹೊಲಿಯುತ್ತೇನೆ.
ಇಡೀ ಬೀದಿಯ ಹೆಂಗಸರ ಎದೆ, ಸೊಂಟ, ತೋಳು
ನನ್ನ ನೋಟ್‌ಬುಕ್ಕಿನಲ್ಲಿವೆ.
ಬಾಣಂತನ ಮುಗಿಸಿ ಬಂದವರಿಗೆ
ಒಳಹೊಲಿಗೆ ಬಿಚ್ಚಿ ಜಾಗ ಬಿಡುವವಳು ನಾನೇ,
"ಇರಲಿ ಬಿಡಿ ಅಕ್ಕ, ಬಟ್ಟೆ ಇರೋದು ಮೈಗೆ,
ಮೈ ಇರೋದು ಬಟ್ಟೆಗಲ್ಲ" ಅಂತ ನಗಿಸುತ್ತ.
ಶಟರ್ ಎಳೆದ ಮೇಲೆ ಅದೇ ಟೇಪು
ನನ್ನ ಹತ್ತಿರ ಬೇರೆಯೇ ಭಾಷೆ ಆಡುತ್ತದೆ.

ಯಾರು ಸಿಕ್ಕರೂ ಮೊದಲ ಮಾತು:
ಊಟ ಆಯ್ತಾ?
ಹಾಲಿನವನು, ಲೈನಿಂಗ್ ಬಟ್ಟೆಯ ಜಬೀವುಲ್ಲಾ,
ಚೀಟಿ ದುಡ್ಡಿಗೆ ಬರುವ ಮುನಿಯಮ್ಮ.
ಹೂಂ ಆಯ್ತು, ನಿಮ್ದು?
ಎಂಟು ವರ್ಷ. ದಿನಕ್ಕೆ ಎಷ್ಟು ಸಲವೋ.
ಅಷ್ಟು ಸುಲಭದ ಸುಳ್ಳು ಇನ್ನೊಂದಿಲ್ಲ,
ನಾಲಗೆಗೆ ಭಾರವೇ ಇಲ್ಲ.

ಆರನೆಯ ಮಂಗಳವಾರ ಮೇಡಂ ಕೇಳಿದ್ದೂ ಅದನ್ನೇ.
ಆಯ್ತು ಅಂದೆ.
ಅವರು ತಲೆಯಾಡಿಸಲಿಲ್ಲ, ಬರೆದುಕೊಳ್ಳಲಿಲ್ಲ.
ಮೆಟ್ರೋ ಹೋಯಿತು. ಗಾಜು ನಡುಗಿ ನಿಂತಿತು.
"ಇಲ್ಲ" ಅಂದೆ.
ಎಂಟು ವರ್ಷದಲ್ಲಿ ಬಾಯಿಗೆ ಬಂದ
ಮೊದಲ ಗಟ್ಟಿ ಪದಾರ್ಥ.

ಆಮೇಲೆ ಬಂದದ್ದೆಲ್ಲ ನೆಟ್ಟಗೆ ಬರಲಿಲ್ಲ.
ಅಪ್ಪನ ತಿಥಿಯ ದಿನ, ಎಲೆಯ ಮುಂದೆ
ಸರಸತ್ತೆ ಅಂದ ಒಂದು ಮಾತು.
ಹೊಟ್ಟೆಗೆ ಹಾಕಿಕೊಳ್ಳೇ ಅಂದಿದ್ದಳು ಅಮ್ಮ.
ಹಾಕಿಕೊಂಡೆ.
ಬೇರೆ ಯಾವುದಕ್ಕೂ ಅಲ್ಲಿ ಜಾಗ ಉಳಿಯಲಿಲ್ಲ
ಅಂತ ಹೇಳಿದರೆ ಕತೆ ಚೆನ್ನಾಗಿ ಹೊಂದುತ್ತದೆ.
ಮೇಡಂ ಒಪ್ಪಲಿಲ್ಲ: "ಅಷ್ಟು ಬೇಗ ಕತ್ತರಿ ಹಾಕಬೇಡಿ,
ಬಟ್ಟೆ ಇನ್ನೂ ಇದೆ."

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ.
ಎರಡೂ ಬಾರದವಳಿಗೆ ಏನು ಅಂತ
ಗಾದೆ ಕಟ್ಟಿದವರು ಹೇಳಿ ಹೋಗಲಿಲ್ಲ.
ಮೂವತ್ತೊಂದರಲ್ಲಿ ಎರಡನ್ನೂ ಒಟ್ಟಿಗೆ ಕಲಿಯುತ್ತಿದ್ದೇನೆ,
ಜಾರುತ್ತ. ಕಳೆದ ತಿಂಗಳು ಎರಡು ವಾರ ಹೋಗಲಿಲ್ಲ.
ಫೋನೂ ಎತ್ತಲಿಲ್ಲ.
ಮೂರನೆಯ ವಾರ ಅದೇ ಕುರ್ಚಿ, ಅದೇ ಹೂಜಿ.
ಬೈಗುಳಕ್ಕೆ ಕಾದಿದ್ದೆ; ಲೋಟದಲ್ಲಿ ನೀರು ಬಂತು.

ಈಗ ಅವರೆಯ ಕಾಲ.
ನೆನೆಸಿದ ಕಾಳಿನ ಪಾತ್ರೆ ನಡುವೆ ಇಟ್ಟು
ಹಿದುಕಲು ಕೂತೆವು, ಅಮ್ಮ ನಾನು.
ಕೈಗೆ ಕೆಲಸವಿದ್ದರೆ ಮುಖ ನೋಡಬೇಕಾಗಿಲ್ಲ.
ಹೆಬ್ಬೆರಳು ಒತ್ತಿದರೆ ಚಿಮ್ಮುತ್ತದೆ ಕಾಳು,
ಸಿಪ್ಪೆ ಬೆರಳಿಗೇ ಅಂಟಿಕೊಳ್ಳುತ್ತದೆ.
"ಅಮ್ಮ, ಮಂಗಳವಾರ ನಾನು
ಚಿಕ್ಕಪೇಟೆಗೆ ಲೇಸ್ ತರೋಕೆ ಹೋಗ್ತಿಲ್ಲ."
ಅವಳ ಕೈ ನಿಲ್ಲಲಿಲ್ಲ.
"ಗೊತ್ತು. ಲೇಸು ಒಂದಿನಾನೂ ಬಂದಿಲ್ಲವಲ್ಲ."
ಒಂದು ಕಾಳು ಹಾರಿ
ಹೊಲಿಗೆ ಮೆಷಿನ್ನಿನ ಕೆಳಗೆ ಉರುಳಿತು.
ಇಬ್ಬರೂ ಅದನ್ನೇ ನೋಡಿದೆವು.

ಆ ರಾತ್ರಿ ಸಾರು ಉಂಡೆನೋ ಇಲ್ಲವೋ,
ಅದು ನಿಮಗಲ್ಲ,
ಮಂಗಳವಾರಕ್ಕೆ.